ಕೊಂಬು ಆಮೇಲೆ ಬಿಡಿಸಿ: ದೊಡ್ಡವರಿಗಾಗಿ ಮಾನ್‌ಸ್ಟರ್ ಪ್ರೇಮದ ಕಾಮಿಕ್ಸ್ ಮಾಡುವ ಬಗೆ

ಮಾನ್‌ಸ್ಟರ್ ಪ್ರೇಮದ ಕಾಮಿಕ್ಸ್ ಮಾಡಬೇಕು ಅಂತ ಕೂತವರು ಸಾಮಾನ್ಯವಾಗಿ ಮೊದಲು ಕೊಂಬು ಬಿಡಿಸುತ್ತಾರೆ. ಆಮೇಲೆ ರೆಕ್ಕೆ. ಆಮೇಲೆ ಅಗಲವಾದ ಭುಜ, ಹೊಳೆಯುವ ಕಣ್ಣು, ಕತ್ತಿನ ಹತ್ತಿರ ಒಂದಿಷ್ಟು ಹುರುಪೆ. ನೋಡೋಕೆ ಚೆನ್ನಾಗೇ ಇರುತ್ತದೆ. ಆದರೆ ಹತ್ತು ಪುಟ ಆಗುವಷ್ಟರಲ್ಲಿ ಗುಟ್ಟು ರಟ್ಟಾಗುತ್ತದೆ: ಇದು ಮಾನ್‌ಸ್ಟರ್ ಅಲ್ಲ, ಕೊಂಬು ಅಂಟಿಸಿಕೊಂಡ ಒಬ್ಬ ಚಂದದ ಗಂಡಸು ಅಷ್ಟೇ. ಕೊಂಬು ಕಿತ್ತು ಹಾಕಿದರೂ ಕಥೆ ಹಾಗೇ ನಡೆಯುತ್ತದೆ ಅಂದರೆ, ಆ ಕಥೆಗೆ ಮಾನ್‌ಸ್ಟರ್ ಬೇಕಾಗಿಯೇ ಇರಲಿಲ್ಲ ಅಲ್ವಾ?

ಈ ಬಗೆಯ ಕಾಮಿಕ್ಸ್‌ಗೆ ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಮೈಯಲ್ಲಿ ಏನೇ ಬದಲಾದರೂ ಅದರಿಂದ ಆ ಇಬ್ಬರ ನಡುವೆಯೂ ಏನಾದರೂ ಬದಲಾಗಬೇಕು. ಚರ್ಮ ಸೀಳಿತು ಅಂದರೆ ಯಾರೋ ಯಾರನ್ನೋ ನಂಬಬೇಕಾಗಿ ಬರಬೇಕು, ಅಥವಾ ನಂಬಿಕೆ ಮುರಿಯಬೇಕು, ಅಥವಾ ಒಂದು ಸುಳ್ಳು ಹೊರಬೀಳಬೇಕು. ಸುಮ್ನೆ ಸೀಳಿದರೆ ಅದು ಅಲಂಕಾರ. ಕೆಳಗೆ ಹೇಳುವುದೆಲ್ಲ ಈ ನಿಯಮದಿಂದಲೇ ಬಂದದ್ದು, ಬ್ರಷ್ ಆರಿಸುವ ಮಾತು ಕೂಡ.

ಮೈಗೆ ಒಂದು ಕಾನೂನು ಕೊಡಿ

ಚಿತ್ರ ಬಿಡಿಸುವ ಮೊದಲು ಎರಡು ಸಾಲು ಬರೆಯಿರಿ. ಈ ಜೀವಿಯ ಮೈ ಯಾವ ನಿಯಮದ ಮೇಲೆ ನಡೆಯುತ್ತದೆ? ಆ ನಿಯಮ ಪ್ರೀತಿಗೆ ಎಲ್ಲಿ ಅಡ್ಡ ಬರುತ್ತದೆ? ಎರಡನೇ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಮೊದಲನೆಯದನ್ನು ಬದಲಾಯಿಸಿ.

ಐಡಿಯಾ ಬೇಕು ಅಂದರೆ ಬೇರೆಯವರ ಕಾಮಿಕ್ಸ್ ನೋಡಬೇಡಿ, ಪ್ರಾಣಿಗಳನ್ನು ನೋಡಿ. ಮೊರೆ ಈಲ್ ಅನ್ನುವ ಮೀನಿನ ಗಂಟಲೊಳಗೆ ಇನ್ನೊಂದು ಜೊತೆ ದವಡೆ ಇದೆ. ಬಾಯಿ ಬೇಟೆಯನ್ನು ಹಿಡಿದ ಮೇಲೆ ಒಳಗಿನ ದವಡೆ ಮುಂದೆ ಬಂದು ಅದನ್ನು ಗಂಟಲಿಗೆ ಎಳೆದುಕೊಳ್ಳುತ್ತದೆ. ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟದ್ದು 2007ರಲ್ಲಿ. ಮಧ್ಯ ಆಫ್ರಿಕಾದ ಒಂದು ಕಪ್ಪೆ, ಕೂದಲಿರುವ ಕಪ್ಪೆ ಅಂತಲೇ ಅದನ್ನು ಕರೆಯುತ್ತಾರೆ, ಅಪಾಯ ಬಂದಾಗ ತನ್ನ ಬೆರಳಿನ ಮೂಳೆಯನ್ನು ತಾನೇ ಮುರಿದುಕೊಂಡು ಅದನ್ನು ಚರ್ಮದಿಂದ ಹೊರಗೆ ಉಗುರಿನ ಹಾಗೆ ಚಾಚುತ್ತದೆ. ಸ್ಪೇನ್ ಕಡೆಯ ಒಂದು ನ್ಯೂಟ್, ನೋಡೋಕೆ ಹಲ್ಲಿಯಂತಿರುವ ಉಭಯಚರ, ತನ್ನ ಪಕ್ಕೆಲುಬುಗಳನ್ನೇ ಚರ್ಮ ತೂರಿಸಿ ಮುಳ್ಳು ಮಾಡಿಕೊಳ್ಳುತ್ತದೆ. ಆಳ ಸಮುದ್ರದ ಕೆಲವು ಆಂಗ್ಲರ್ ಮೀನುಗಳಲ್ಲಿ ಪುಟಾಣಿ ಗಂಡು ಹೆಣ್ಣಿನ ಮೈಗೆ ಕಚ್ಚಿಕೊಂಡು, ಕೊನೆಗೆ ಚರ್ಮವೂ ರಕ್ತನಾಳವೂ ಒಂದಾಗಿ ಅವಳ ಮೈಯ ಭಾಗವೇ ಆಗಿಬಿಡುತ್ತದೆ. ಇನ್ನು ಆಕ್ಟೋಪಸ್‌ಗೆ ಮೂರು ಹೃದಯ. ನಿಮ್ಮ ನಾಯಕಿ ಮೊದಲ ಸಲ ಅವನ ಎದೆಗೆ ಕಿವಿ ಇಟ್ಟಾಗ ಮೂರು ಬೇರೆ ಬೇರೆ ಬಡಿತ ಕೇಳಿಸಿದರೆ ಹೇಗಿರುತ್ತದೆ, ಯೋಚಿಸಿ. ಬಲೂನಿನಲ್ಲಿ ಒಂದೇ ಒಂದು ಮಾತು ಬೇಕಾಗಿಲ್ಲ.

ನೋಡಿ, ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಬೆಲೆ ಇದೆ. ಕಪ್ಪೆಗೆ ಉಗುರು ಸಿಗುತ್ತದೆ, ಆದರೆ ಮೂಳೆ ಮುರಿಯುತ್ತದೆ. ಇದೇ ಬಾಡಿ ಹಾರರ್‌ನ, ಅಂದರೆ ಮೈಯಿಂದಲೇ ಹುಟ್ಟುವ ಭಯದ ಕಥೆಗಳ, ತಿರುಳು ಅಂತ ನನಗನಿಸುತ್ತದೆ. ರಕ್ತ, ಕರುಳು ಎಲ್ಲ ಆಮೇಲಿನದು. ತನ್ನ ಮೈ ತನ್ನ ಮಾತು ಕೇಳುತ್ತಿಲ್ಲ, ಅಥವಾ ಕೇಳಬೇಕಾದರೆ ಏನನ್ನೋ ಕಿತ್ತುಕೊಳ್ಳುತ್ತಿದೆ ಅನ್ನುವಲ್ಲಿ ಭಯ ಇದೆ. ಅದಕ್ಕೇ ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸುಟ್ಟ ಗಾಯದ ಗುರುತು, ಇಲ್ಲದ ಕೈ, ಊನವಾದ ಕಾಲು, ಇವನ್ನು ಭಯ ಹುಟ್ಟಿಸಲು ಬಳಸಬೇಡಿ. ಅಂಥ ಮೈಯಲ್ಲಿ ದಿನಾ ಬದುಕುವವರೂ ನಿಮ್ಮ ಕಾಮಿಕ್ಸ್ ಓದುತ್ತಾರೆ. ಮೈ ಬೇರೆ ಥರ ಇದೆ ಅನ್ನುವುದು ಭಯವಲ್ಲ. ಕೈ ಮೀರಿ ಹೋಗುತ್ತಿದೆ ಅನ್ನುವುದು ಭಯ.

ಈಗ ಒಂದು ಉದಾಹರಣೆ ಕಟ್ಟೋಣ, ಕೊನೆತನಕ ಅದನ್ನೇ ಹಿಡಿದುಕೊಂಡು ಹೋಗೋಣ. ಏಡಿಗಳು ಬೆಳೆಯಬೇಕಾದರೆ ಹಳೆಯ ಚಿಪ್ಪನ್ನು ಸೀಳಿಕೊಂಡು ಹೊರಗೆ ಬರಬೇಕು. ಹೊಸ ಚಿಪ್ಪು ಗಟ್ಟಿಯಾಗುವ ತನಕ ಅವು ಮೆತ್ತಗೆ, ಯಾರು ಬೇಕಾದರೂ ತಿಂದುಬಿಡಬಹುದು. ನೀಲಿ ಏಡಿಯಲ್ಲಿ ಹೆಣ್ಣು ಚಿಪ್ಪು ಬಿಡುವ ಮೊದಲಿನಿಂದಲೇ ಗಂಡು ಅವಳನ್ನು ತನ್ನ ಕೆಳಗೆ ಹಿಡಿದುಕೊಂಡು ಕಾಯುತ್ತದೆ, ಅವಳು ಮೆತ್ತಗಿರುವಾಗಲೇ ಕೂಡುತ್ತದೆ, ಆಮೇಲೂ ಚಿಪ್ಪು ಗಟ್ಟಿಯಾಗುವ ತನಕ ಬಿಡುವುದಿಲ್ಲ. ಇದನ್ನು ತಿರುಗಿಸಿ. ಚಿಪ್ಪು ಬಿಡುವವನು ಅವನು, ಕಾಯುವವಳು ಅವಳು. ಅವಳು ಮೂವತ್ತಾರು ವಯಸ್ಸಿನ ದರ್ಜಿ. ಅವನ ಬೆನ್ನಲ್ಲಿ ಬಿರುಕು ಬಿಟ್ಟದ್ದನ್ನು ನೋಡಿ ಗಾಯ ಅಂದುಕೊಂಡು, ಬಹಳ ಪ್ರೀತಿಯಿಂದ, ಬಹಳ ಅಚ್ಚುಕಟ್ಟಾಗಿ ಹೊಲಿದುಬಿಡುತ್ತಾಳೆ. ಅವನು ಹೊರಗೆ ಬರಲಾಗದೆ ಒಳಗೇ ಉಸಿರುಕಟ್ಟುತ್ತಾನೆ.

ಇಷ್ಟಾದರೆ ಸಾಕು, ಕಥೆ ತಾನಾಗಿ ಓಡುತ್ತದೆ. ಅವಳ ಪ್ರೀತಿಯೇ ಅವನನ್ನು ಕೊಲ್ಲುತ್ತಿದೆ, ಅವಳ ಹೊಲಿಗೆಯನ್ನು ಅವಳೇ ಕತ್ತರಿಸಬೇಕು.

ಮುಖ ಓದಲು ಬರಬೇಕು

ಮಸಾಹಿರೊ ಮೋರಿ ಅನ್ನುವ ಜಪಾನಿನ ರೋಬೋಟ್ ತಜ್ಞ 1970ರಲ್ಲಿ ಒಂದು ಮಾತು ಹೇಳಿದರು. ರೋಬೋಟ್ ಮನುಷ್ಯನ ಹಾಗೆ ಕಾಣುತ್ತಾ ಹೋದಷ್ಟೂ ನಮಗೆ ಅದರ ಮೇಲೆ ಅಕ್ಕರೆ ಹೆಚ್ಚುತ್ತದೆ, ಆದರೆ ಇನ್ನೇನು ಮನುಷ್ಯನೇ ಅನ್ನುವಷ್ಟು ಹತ್ತಿರ ಬಂದಾಗ ಅಕ್ಕರೆ ದಿಢೀರನೆ ಹೇಸಿಗೆಯಾಗುತ್ತದೆ. ನಮ್ಮ ಕೆಲಸಕ್ಕೆ ಇದು ಹೇಳಿ ಮಾಡಿಸಿದಂತಿದೆ. ಪ್ರೇಮದ ದೃಶ್ಯದಲ್ಲಿ ಅವನ ಮುಖ ಮನುಷ್ಯನ ಮುಖದಿಂದ ಸಾಕಷ್ಟು ದೂರ ಇರಲಿ, ಪೂರ್ತಿ ಏಡಿಯೋ ತೋಳವೋ ಆಗಿರಲಿ, ಓದುವವರು ಒಗ್ಗಿಕೊಳ್ಳುತ್ತಾರೆ. ಹೆದರಿಸಬೇಕಾದ ಕಡೆ ಅದನ್ನು ಮನುಷ್ಯನಿಗೆ ಹತ್ತಿರ ತನ್ನಿ. ಅವನು ಅವಳಿಗಾಗಿ ಮನುಷ್ಯನ ಹಾಗೆ ನಗಲು ಯತ್ನಿಸುತ್ತಾನೆ, ತುಟಿ ಸರಿಯಾದ ಜಾಗಕ್ಕಿಂತ ಒಂದು ಬೆರಳು ಆಚೆಗೆ ಹೋಗುತ್ತದೆ, ಹಲ್ಲು ತೀರಾ ಸಾಲಾಗಿವೆ. ಅವಳು "ಬೇಡ, ನೀನು ಇರೋ ಹಾಗೇ ಇರು" ಅನ್ನುತ್ತಾಳೆ. ಭಯದ ಪ್ಯಾನೆಲ್ಲೇ (ಪುಟದ ಒಂದೊಂದು ಚೌಕಟ್ಟನ್ನು ಪ್ಯಾನೆಲ್ ಅನ್ನುತ್ತಾರೆ) ಪ್ರೀತಿಯ ಪ್ಯಾನೆಲ್ ಆಯಿತು.

ಮನುಷ್ಯನ ಹುಬ್ಬು, ತುಟಿ ಇಲ್ಲ ಅಂದ ಮೇಲೆ ಭಾವನೆ ತೋರಿಸೋಕೆ ಬೇರೆ ಏನಾದರೂ ಬೇಕು. ಒಂದೇ ಒಂದು ಅಂಗ ಆರಿಸಿ: ಕಿವಿರು, ಬೆನ್ನಿನ ಮುಳ್ಳು, ಕಣ್ಣಿನ ಪಾಪೆ, ಮೀಸೆಯಂಥ ತಂತು, ಯಾವುದಾದರೂ. ಅದರ ಭಾಷೆಯನ್ನು ಓದುವವರಿಗೆ ಮೊದಲ ಅಧ್ಯಾಯದಲ್ಲೇ ಕಲಿಸಿಬಿಡಿ. ಕತ್ತಿನ ಕಿವಿರು ಕೋಪ ಬಂದಾಗ ಪಟ್ಟನೆ ತೆರೆಯುತ್ತದೆ, ಒಂದು ಸಲ ತೋರಿಸಿ. ಹೆದರಿದಾಗ ಬಿಗಿಯಾಗಿ ಮುಚ್ಚುತ್ತದೆ, ಇನ್ನೊಂದು ಸಲ ತೋರಿಸಿ. ಆಮೇಲೆ ಒಂದು ಪುಟದಲ್ಲಿ ಅವಳು ಸುಮ್ನೆ ಕೋಣೆಯೊಳಗೆ ಬರುತ್ತಾಳೆ, ಅವನು ಬೆನ್ನು ತಿರುಗಿಸಿ ಕೂತಿದ್ದಾನೆ, ಕಿವಿರು ಮೆಲ್ಲಗೆ, ಅರ್ಧ ಮಾತ್ರ ತೆರೆಯುತ್ತದೆ. ಇದು ಕೋಪವಲ್ಲ ಅಂತ ಓದುವವರಿಗೆ ಗೊತ್ತಾಗುತ್ತದೆ. ಏನು ಅಂತ ಗೊತ್ತಾಗಲು ಅವರು ಪುಟ ತಿರುಗಿಸುತ್ತಾರೆ.

ಇಲ್ಲಿ ಲೆಕ್ಕವೂ ಬೇಕು. ಪುಟಕ್ಕೆ ಆರು ಪ್ಯಾನೆಲ್, ಇಪ್ಪತ್ನಾಲ್ಕು ಪುಟ ಅಂದರೆ 144 ಪ್ಯಾನೆಲ್ ಆಯಿತು. ಹೆಚ್ಚುಕಡಿಮೆ ಎಲ್ಲದರಲ್ಲೂ ಅವನಿದ್ದಾನೆ. ಮೈತುಂಬ ಹುರುಪೆ ಹಾಕಿದರೆ 144 ಸಲ ಮೈತುಂಬ ಹುರುಪೆ ಬಿಡಿಸಬೇಕು, ಅಥವಾ ಮೂವತ್ತನೇ ಪ್ಯಾನೆಲ್‌ನಿಂದ ಮೋಸ ಮಾಡಬೇಕು. ಹುರುಪೆಯನ್ನು ಭುಜ, ಸೊಂಟ, ಮೊಣಕೈ ಹತ್ತಿರ ಮಾತ್ರ ಗುಂಪಾಗಿಡಿ, ಉಳಿದ ಕಡೆ ಎರಡು ಗೆರೆ ಎಳೆದರೆ ಸಾಕು, ಕಣ್ಣು ತುಂಬಿಕೊಳ್ಳುತ್ತದೆ. ನೆರಳಿನ ಆಕೃತಿ ಮಾತ್ರ ನೋಡಿದರೂ ಇವನೇ ಅಂತ ಗುರುತು ಸಿಗಬೇಕು. ಸಿಗದಿದ್ದರೆ ವಿವರ ಜಾಸ್ತಿಯಾಗಿದೆ, ಆಕಾರ ಕಡಿಮೆಯಾಗಿದೆ.

ಮಾಡೆಲ್ ಶೀಟ್ ಮಾಡುವಾಗ ಮುಂದೆ, ಪಕ್ಕ, ಹಿಂದೆ ಅಂತ ಮೂರು ಚಿತ್ರ ಎಲ್ಲರೂ ಮಾಡುತ್ತಾರೆ. ಇನ್ನೆರಡು ಸೇರಿಸಿ. ಅವನ ಕೈ ಪಕ್ಕ ಅವಳ ಕೈ, ಅಳತೆ ಸರಿಯಾಗಿ. ಇಬ್ಬರೂ ಪಕ್ಕಪಕ್ಕ ಮಲಗಿದರೆ ತಲೆ ಎಲ್ಲಿ ಬರುತ್ತದೆ, ಕಾಲು ಎಲ್ಲಿ ಬರುತ್ತದೆ. ಈ ಎರಡನೆಯದು ಇಲ್ಲದೆ ಹಾಸಿಗೆಯ ದೃಶ್ಯ ಶುರು ಮಾಡಿದರೆ ಪುಟದಿಂದ ಪುಟಕ್ಕೆ ಅವನ ಗಾತ್ರ ಬದಲಾಗುತ್ತಾ ಹೋಗುತ್ತದೆ, ಕಂಡಿದ್ದೇನೆ ಇಂಥವನ್ನು ಬೇಕಾದಷ್ಟು. ಮೈ ಹಂತ ಹಂತವಾಗಿ ಬದಲಾಗುವ ಕಥೆಯಾದರೆ ಪ್ರತಿ ಹಂತಕ್ಕೂ ಬೇರೆ ಶೀಟ್ ಬೇಕು, ಯಾವ ಪುಟದಲ್ಲಿ ಯಾವ ಹಂತ ಅಂತ ಅದರ ಮೇಲೇ ಬರೆದಿಡಿ.

ಕೇಳುವವನು, ಬೇಡ ಅನ್ನುವವಳು

ಇಬ್ಬರೂ ವಯಸ್ಕರು. ಇದರಲ್ಲಿ ಚೌಕಾಸಿ ಇಲ್ಲ. ಕಥೆಯಲ್ಲೂ ವಯಸ್ಕರು, ನೋಡುವುದಕ್ಕೂ ವಯಸ್ಕರು. ನೋಡೋಕೆ ಚಿಕ್ಕ ಹುಡುಗಿ, ಆದರೆ ಐನೂರು ವರ್ಷದ ಆತ್ಮ ಅನ್ನುವ ಹಳೇ ನೆಪ ಬೇಡವೇ ಬೇಡ. ಅದು ಹೊಲಸು, ಮತ್ತು ಅಂಥ ಚಿತ್ರ ಹಲವು ದೇಶಗಳ ಕಾನೂನಿನಲ್ಲಿ ಅಪರಾಧ ಕೂಡ. ಹಾಗೆಯೇ ಮಾನ್‌ಸ್ಟರ್‌ಗೆ ಮನುಷ್ಯನಷ್ಟೇ ಬುದ್ಧಿ ಇರಬೇಕು, ಮಾತಾಡಲೋ ಸನ್ನೆ ಮಾಡಲೋ ಬರಬೇಕು, ತನಗೆ ಏನು ಬೇಕು ಏನು ಬೇಡ ಅಂತ ಹೇಳಲು ಬರಬೇಕು. ಇಲ್ಲದಿದ್ದರೆ ಅದು ಪಾತ್ರವಲ್ಲ, ಪ್ರಾಣಿ. ಪ್ರೇಮಕಥೆ ಅಲ್ಲಿಗೇ ಮುಗಿಯಿತು.

ಮೃಗವನ್ನು ಪ್ರೀತಿಸುವ ಸುಂದರಿಯ ಕಥೆ ಎಲ್ಲರಿಗೂ ಗೊತ್ತು. ಅದನ್ನು ಮೊದಲು ಅಚ್ಚು ಹಾಕಿಸಿದ್ದು ಫ್ರಾನ್ಸಿನ ವಿಲ್ನೂವ್ ಅನ್ನುವ ಲೇಖಕಿ, 1740ರಲ್ಲಿ, ದೊಡ್ಡವರಿಗಾಗಿ. ಅದರಲ್ಲಿ ಮೃಗ ರಾತ್ರಿಯಾದರೆ ಬಂದು ಕೇಳುವುದು "ನನ್ನ ಜೊತೆ ಮಲಗುತ್ತೀಯಾ" ಅಂತ. ಅವಳು ಇಲ್ಲ ಅಂದರೆ ಎದ್ದು ಹೋಗುತ್ತದೆ. 1756ರಲ್ಲಿ ಬೋಮೋಂ ಅನ್ನುವ ಇನ್ನೊಬ್ಬ ಲೇಖಕಿ ಎಳೆಯ ಓದುಗರಿಗಾಗಿ ಅದನ್ನು ಚಿಕ್ಕದು ಮಾಡಿದಾಗ ಪ್ರಶ್ನೆ "ನನ್ನನ್ನು ಮದುವೆಯಾಗುತ್ತೀಯಾ" ಅಂತ ಆಯಿತು. ನನಗೆ ಮೊದಲಿನದೇ ಇಷ್ಟ. ಹಲ್ಲು, ಉಗುರು, ಬಲ ಎಲ್ಲ ಇರುವವನು ದಿನಾ ಕೇಳುತ್ತಾನೆ, ಬೇಡ ಅಂದರೆ ಹೋಗುತ್ತಾನೆ. ಅವನು ಮೃಗವಲ್ಲ ಅನ್ನುವುದು ಅವಳಿಗೆ ಗೊತ್ತಾಗುವುದು ಹೀಗೆ, ಶಾಪ ಬಿಟ್ಟಾಗ ಅಲ್ಲ.

ನಿಮ್ಮ ಕಥೆಯಲ್ಲೂ ಇಂಥ ಒಂದು "ಬೇಡ" ಇರಲಿ, ಬೇಗ ಬರಲಿ. ಅವಳು ಬೇಡ ಅಂದಾಗ ಅವನು ಏನು ಮಾಡುತ್ತಾನೆ ಅನ್ನುವುದನ್ನು ಓದುವವರು ಒಂದು ಸಲ ನೋಡಿಬಿಟ್ಟರೆ, ಆಮೇಲೆ ನೀವು ಅವನ ಮೈಯನ್ನು ಎಷ್ಟು ಭಯಂಕರ ಮಾಡಿದರೂ ಅವರು ಜೊತೆಗಿರುತ್ತಾರೆ. ಅಪಾಯ ಬೇಕು ಅಂದರೆ ಅವನ ಮೈಯಿಂದ ಬರಲಿ, ಊರಿಂದ ಬರಲಿ, ಅವಳ ಆತುರದಿಂದ ಬರಲಿ.

ಕತ್ತಲಲ್ಲಿ ಎಷ್ಟು ತೋರಿಸಬೇಕು ಅನ್ನುವುದನ್ನೂ ಮೊದಲೇ ತೀರ್ಮಾನ ಮಾಡಿಕೊಳ್ಳಿ, ದೃಶ್ಯ ಬಂದಾಗ ಅಲ್ಲ. ಬಾಗಿಲು ಮುಚ್ಚುವ ತನಕವಾ, ಬಟ್ಟೆ ಕಳಚುವ ತನಕವಾ, ಪೂರ್ತಿಯಾ? ಮೊದಲ ಅಧ್ಯಾಯದಲ್ಲಿ ಯಾವ ಮಟ್ಟ ತೋರಿಸುತ್ತೀರೋ ಅದೇ ಮಾತು ಕೊಟ್ಟ ಹಾಗೆ. ಇನ್ನೊಂದು: ಭಯ ಮತ್ತು ಆಸೆ ಎರಡನ್ನೂ ಒಂದೇ ಪ್ಯಾನೆಲ್‌ನಲ್ಲಿ ತುಂಬಾ ಮೇಲಕ್ಕೆ ಏರಿಸಿದರೆ ಎರಡೂ ಸಾಯುತ್ತವೆ. ಒಂದು ಏರುವಾಗ ಇನ್ನೊಂದು ಕೆಳಗೆ ಸಣ್ಣಗೆ ಮಿಡಿಯುತ್ತಿರಲಿ. ಇಬ್ಬರ ಮೈ ಹೊಂದಿಕೊಳ್ಳದೆ ಒಂದು ಕ್ಷಣ ನಗು ಬಂದರೆ ಬರಲಿ, ಬಿಡಿ. ಮುಳ್ಳಿಗೆ ದುಪ್ಪಟಿ ಸಿಕ್ಕಿಹಾಕಿಕೊಳ್ಳುವುದು ಸಹಜವೇ ಅಲ್ವಾ.

ಒಂದು ಪುಟ, ಹತ್ತಿರದಿಂದ

ದರ್ಜಿಯ ಕಥೆಗೆ ಬರೋಣ. ಹೊಲಿಗೆ ಕತ್ತರಿಸುವ ಪುಟವನ್ನು ನಾನಾದರೆ ಹೀಗೆ ಮಾಡುತ್ತೇನೆ.

ಮೇಲೆ ಒಂದು ಅಗಲ ಪ್ಯಾನೆಲ್. ಅವಳ ಕೆಲಸದ ಮೇಜು, ದೀಪ, ಅವನು ಬೋರಲಾಗಿ ಮಲಗಿದ್ದಾನೆ. ಬೆನ್ನು ಅರ್ಧ ಚೌಕಟ್ಟು ತುಂಬಿದೆ. ಹೊಲಿಗೆ ನೆಟ್ಟಗೆ, ಚೆಂದವಾಗಿದೆ. ಚೆಂದವಾಗಿರುವುದು ಮುಖ್ಯ, ಅವಳು ಕೆಲಸದಲ್ಲಿ ಪಳಗಿದವಳು.

ಎರಡನೆಯದು ಚಿಕ್ಕದು. ಒಂದೇ ಒಂದು ಹೊಲಿಗೆ, ಸುತ್ತ ಚರ್ಮ ಉಬ್ಬಿ ದಾರ ಒಳಗೆ ಹೂತುಹೋಗಿದೆ. ಮೂರನೆಯದು ಅದೇ ಹೊಲಿಗೆ, ಅದೇ ಅಳತೆ, ಅದೇ ಕೋನ. ಬದಲಾಗಿರುವುದು ಇಷ್ಟೇ, ದಾರ ಸ್ವಲ್ಪ ಓರೆಯಾಗಿದೆ. ಒಳಗೆ ಏನೋ ಮಗ್ಗುಲು ಬದಲಿಸಿತು. ಅದನ್ನು ಬಿಡಿಸಬೇಡಿ, ದಾರವನ್ನು ಮಾತ್ರ ಬಿಡಿಸಿ. ಈ ಎರಡು ಪ್ಯಾನೆಲ್ ನಡುವಿನ ಖಾಲಿ ಪಟ್ಟಿಯಲ್ಲಿ ಓದುವವರ ತಲೆ ಮಾಡುವ ಕೆಲಸವನ್ನು ನಿಮ್ಮ ಯಾವ ಬ್ರಷ್ಷೂ ಮಾಡಲಾರದು.

ನಾಲ್ಕನೆಯದು ಅವಳ ಮುಖ. ಕಿರುಚುತ್ತಿಲ್ಲ. ತುಟಿ ಸ್ವಲ್ಪ ಅಲುಗುತ್ತಿದೆ, ಹೊಲಿಗೆ ಎಣಿಸುತ್ತಿದ್ದಾಳೆ. ಐದನೆಯದರಲ್ಲಿ ಅವಳ ಕೈಯಲ್ಲಿ ಕತ್ತರಿ, ಅವಳ ಮಣಿಕಟ್ಟಿನ ಮೇಲೆ ಅವನ ನಾಲ್ಕು ಬೆರಳಿನ ಕೈ. ಹಿಡಿದಿಲ್ಲ, ಇಟ್ಟಿದ್ದಾನೆ ಅಷ್ಟೇ. ಹಿಡಿದಿರುವುದಕ್ಕೂ ಇಟ್ಟಿರುವುದಕ್ಕೂ ವ್ಯತ್ಯಾಸ ಚರ್ಮದ ಮೇಲೆ ಗೊತ್ತಾಗುತ್ತದೆ. ಹಿಡಿದರೆ ಬೆರಳ ಸುತ್ತ ತಗ್ಗು ಬೀಳುತ್ತದೆ, ಇಟ್ಟರೆ ಬೀಳುವುದಿಲ್ಲ. "ಕತ್ತರಿಸಲಾ?" "ಹೂಂ."

ಕೊನೆಯದು ಪುಟದ ಕೆಳಮೂಲೆಯಲ್ಲಿ: ಕತ್ತರಿಯ ಬಾಯಿ, ಮೊದಲ ದಾರ, ಸಣ್ಣ ಅಕ್ಷರದಲ್ಲಿ "ಟಿಕ್".

ಈ ಪ್ಯಾನೆಲ್ ಬಲಗಡೆಯ ಪುಟದ ಕೊನೆಯಲ್ಲೇ ಬರಬೇಕು. ಎಡದಿಂದ ಬಲಕ್ಕೆ ಓದುವ ಪುಸ್ತಕದಲ್ಲಿ ಬಲಪುಟ ಮುಗಿದಾಗ ಹಾಳೆ ತಿರುಗಿಸಬೇಕಾಗುತ್ತದೆ, ಮುಂದಿನದು ಕಣ್ಣಿಗೆ ಬೀಳುವುದು ಎಡಪುಟದಲ್ಲಿ. ಬೆಚ್ಚಿಬೀಳಿಸುವುದೆಲ್ಲ ಎಡಪುಟಕ್ಕೆ. ಇಲ್ಲಿ ಎಡಪುಟ ಪೂರ್ತಿ ಒಂದೇ ಚಿತ್ರ: ಸೀಳಿದ ಬೆನ್ನು, ಒದ್ದೆ, ಒಳಗಿನಿಂದ ಬರುತ್ತಿರುವ ಅವನು, ತೆಳು ಬಣ್ಣದ ಮೈ. ಶಬ್ದ ಬರೆಯಬೇಡಿ. ಹಿಂದಿನ ಪುಟದ ಆ ಸಣ್ಣ "ಟಿಕ್" ಸಾಕು.

ಮೊಬೈಲಿನಲ್ಲಿ ಕೆಳಕ್ಕೆ ಸ್ಕ್ರೋಲ್ ಮಾಡಿ ಓದುವ ಕಾಮಿಕ್ಸ್ ಆದರೆ ಹಾಳೆ ಇಲ್ಲ, ಅಲ್ಲಿ ದೂರವೇ ಸಮಯ. "ಟಿಕ್" ಆದ ಮೇಲೆ ಒಂದೂವರೆ ಪರದೆಯಷ್ಟು ಬರೀ ಕಪ್ಪು ಬಿಡಿ. ಬೆರಳು ಸರಿಸುತ್ತಾ ಸರಿಸುತ್ತಾ ಕಪ್ಪು ಮುಗಿಯುತ್ತಿಲ್ಲ ಅನ್ನುವಾಗ ಒದ್ದೆ ಹೊಳಪು ಚಿತ್ರದ ಮೇಲಿನಂಚಿನಿಂದ ಶುರುವಾಗಲಿ.

ಆಮೇಲಿನ ಪುಟ ಪ್ರೇಮದ್ದು. ಅವನ ಮೈ ಈಗ ಮೆತ್ತಗೆ, ಬೆಳಗಾದರೆ ಗಟ್ಟಿಯಾಗುತ್ತದೆ. ಅವಳು ಅಂಗೈಯನ್ನು ಅವನ ಬೆನ್ನಿನಿಂದ ಒಂದು ಅಂಗುಲ ಮೇಲೆ ಹಿಡಿದಿದ್ದಾಳೆ. "ಮುಟ್ಟಲಾ?" "ಗುರುತು ಉಳಿದುಬಿಡುತ್ತದೆ." ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಒಂದು ಪ್ಯಾನೆಲ್ ಸುಮ್ಮನೆ. ಆಮೇಲೆ ಅವನೇ ಹೇಳುತ್ತಾನೆ, "ಉಳಿಯಲಿ."

ಮುಂದಿನ ಚಿಪ್ಪು ಬಿಡುವ ತನಕ ಅವನ ಬೆನ್ನ ಮೇಲೆ ಅವಳ ಅಂಗೈ ಇರುತ್ತದೆ. ಬದಲಾದದ್ದು ಮೈಯಾ, ಸಂಬಂಧವಾ ಅಂತ ಬೇರೆ ಮಾಡಿ ಹೇಳಲಾಗದು, ಮೊದಲೇ ಹೇಳಿದ ನಿಯಮ ಇದೇ. ತಕ್ಷಣ ಮಾಡೆಲ್ ಶೀಟ್‌ಗೆ ಹೋಗಿ ಆ ಗುರುತನ್ನು ಸೇರಿಸಿ, ಎಡಗೈಯಾ ಬಲಗೈಯಾ ಅಂತ ಬರೆದಿಡಿ. ಓದುವವರು ಇಂಥದ್ದನ್ನು ಕಣ್ಣಿಟ್ಟು ನೋಡುತ್ತಾರೆ.

ಶಾಯಿ, ಬಣ್ಣ, ಅಕ್ಷರ

ಒದ್ದೆ ಅನ್ನಿಸುವುದು ಕೆಂಪಿನಿಂದ ಅಲ್ಲ, ಬಿಳಿ ಹೊಳಪಿನಿಂದ. ಗಾಢ ಕಪ್ಪಿನ ಅಂಚಿಗೆ ತಾಗಿಸಿ ಸಣ್ಣ, ಚೂಪಾದ ಬಿಳಿ ಚುಕ್ಕೆ ಇಟ್ಟರೆ ಎಲುಬೂ ಒದ್ದೆಯಾಗುತ್ತದೆ. ಮೆದು ಏರ್‌ಬ್ರಷ್ ಹೊಳಪು ಹಾಕಿದರೆ ಪ್ಲಾಸ್ಟಿಕ್ ಆಗುತ್ತದೆ. ಬಣ್ಣದ ಕಾಮಿಕ್ಸ್ ಆದರೆ ಮೈಯ ಒಳಗಿನದಕ್ಕೆ ಅಂತ ಒಂದು ಬಣ್ಣ ಮೀಸಲಿಡಿ, ಬೇರೆಲ್ಲೂ ಬಳಸಬೇಡಿ. ಕೆಂಪೇ ಆಗಬೇಕಿಲ್ಲ. ಆಕ್ಟೋಪಸ್ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರ ಇರುವ ಪ್ರೋಟೀನು, ಅದಕ್ಕೇ ಆ ರಕ್ತ ನೀಲಿ. ಏಡಿಯದ್ದೂ ಅಂಥದ್ದೇ ಪ್ರೋಟೀನು. ನಮ್ಮ ಕಥೆಯಲ್ಲಿ ಆ ನೀಲಿ ಮೊದಲು ಸೀಳಿದ ಬೆನ್ನಿನಲ್ಲಿ ಕಾಣಲಿ, ಎಷ್ಟೋ ಪುಟ ಆದ ಮೇಲೆ ಅವಳು ತನಗಾಗಿ ಹೊಲಿದುಕೊಂಡ ಬಟ್ಟೆಯ ಒಳಮಡಿಕೆಯಲ್ಲಿ ಕಾಣಲಿ.

ಕನ್ನಡದಲ್ಲಿ ಅಕ್ಷರ ಹಾಕುವಾಗ ಒಂದು ತೊಂದರೆ ಖಂಡಿತ ಎದುರಾಗುತ್ತದೆ. ಚಿತ್ರ ಬಿಡಿಸುವ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಒಡೆದುಹೋಗುತ್ತದೆ. ಕೆಲಸ ಶುರು ಮಾಡುವ ಮುಂಚೆ "ರಕ್ತ, ಅಸ್ಥಿ, ಸ್ತ್ರೀ, ಕತ್ತರಿ" ಅಂತ ಟೈಪ್ ಮಾಡಿ ನೋಡಿ. ಒಡೆದರೆ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಇದೆಯಾ ಹುಡುಕಿ. ಇಲ್ಲದಿದ್ದರೆ ಇಂಕ್‌ಸ್ಕೇಪ್‌ನಲ್ಲಿ ಅಕ್ಷರ ಜೋಡಿಸಿ ಚಿತ್ರದ ಮೇಲೆ ಕೂರಿಸಿ, ಅದು ಪುಕ್ಕಟೆ, ಕನ್ನಡ ಸರಿಯಾಗಿ ಬರುತ್ತದೆ. ಒತ್ತು ಕೆಳಗೆ ಇಳಿಯುವುದರಿಂದ ಸಾಲಿನ ನಡುವಿನ ಜಾಗ ಇಂಗ್ಲಿಷ್ ಕಾಮಿಕ್ಸ್‌ಗಿಂತ ಜಾಸ್ತಿ ಬೇಕು, ಅಂದರೆ ಬಲೂನೂ ದೊಡ್ಡದಾಗಬೇಕು, ಅಂದರೆ ಪುಟದ ಪುಟ್ಟ ಕರಡು ಚಿತ್ರ ಹಾಕುವ ಥಂಬ್‌ನೇಲ್ ಹಂತದಲ್ಲೇ ಅದಕ್ಕೆ ಜಾಗ ಬಿಡಬೇಕು. ಬಲೂ ತಮ್ಮ ಅನ್ನುವ ಉಚಿತ ಫಾಂಟ್ ದಪ್ಪಗೆ, ದುಂಡಗಿದೆ, ಜೋರು ಮಾತಿಗೆ ಚೆನ್ನ, ಆದರೆ ಪಿಸುಮಾತಿಗೆ ಬೇಡ. ಶಬ್ದಗಳನ್ನು ಮಾತ್ರ ದಯವಿಟ್ಟು ಕೈಯಲ್ಲೇ ಬರೆಯಿರಿ. ಕನ್ನಡದಲ್ಲಿ ಮೈಯ ಶಬ್ದಗಳಿಗೆ ಬರವೇ? ಪಚಕ್, ಲೊಚಲೊಚ, ಚರ್ರ್, ಕಟಕ್, ಗುಳುಗುಳು, ಜಿಟಿಜಿಟಿ. "ಕಟಕ್" ಅನ್ನುವುದನ್ನು ಟ-ಕಾರದಲ್ಲಿ ಎರಡಾಗಿ ಮುರಿದು ಬರೆದರೆ ಮೂಳೆ ಮುರಿದದ್ದನ್ನು ಚಿತ್ರದಲ್ಲಿ ತೋರಿಸುವ ಅಗತ್ಯವೇ ಬೀಳದಿರಬಹುದು.

ಅಚ್ಚಿಗೆ ಹೋಗುವುದಾದರೆ ಬಣ್ಣದ ಪುಟ 300 ಡಿಪಿಐ, ಬರೀ ಕಪ್ಪು ಗೆರೆಯದು 600. ಸುತ್ತಲೂ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು, ಬಿಡಿ. ಮಧ್ಯೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲಿ ಬರಬೇಕು. ಮೊದಲ ಕೆಲಸಕ್ಕೆ ಹದಿನಾರು ಪುಟ ಸಾಕು, ಮುನ್ನೂರು ಪುಟದ ಮಹಾಗಾಥೆ ಆಮೇಲೆ ನೋಡೋಣ. ವೆಬ್‌ಟೂನ್‌ನಂಥ ಕಡೆ ಹಾಕುವ ಸ್ಕ್ರೋಲ್ ಕಾಮಿಕ್ಸ್‌ನ ಅಗಲ 800 ಪಿಕ್ಸೆಲ್, ಆದರೆ ಬಿಡಿಸುವಾಗ ಅದರ ಎರಡರಷ್ಟು ಅಗಲದಲ್ಲಿ ಬಿಡಿಸಿ, ಆಮೇಲೆ ಚಿಕ್ಕದು ಮಾಡಿ. ಮುಂದೆ ಪುಸ್ತಕ ಮಾಡಬೇಕು ಅನಿಸಿದಾಗ ಉಪಯೋಗಕ್ಕೆ ಬರುತ್ತದೆ.

ಎಲ್ಲಿ ಹಾಕುವುದು

ಈ ಬಗೆಯ ಕಥೆಗೂ ಕಟ್ಟುಪಾಡಿಗೂ ಹಳೇ ಜಗಳ. ಅಮೆರಿಕದ ಪ್ರಕಾಶಕರು 1954ರಲ್ಲಿ ತಮಗೆ ತಾವೇ ಹಾಕಿಕೊಂಡ ಕಾಮಿಕ್ಸ್ ಕೋಡ್ ರಕ್ತಪಿಶಾಚಿ, ನಡೆದಾಡುವ ಹೆಣ, ತೋಳಮನುಷ್ಯ ಎಲ್ಲವನ್ನೂ ನಿಷೇಧ ಮಾಡಿತ್ತು. ಪ್ರೇಮಕಥೆಗಳು ಮನೆ-ಸಂಸಾರದ ಮೌಲ್ಯ, ಮದುವೆಯ ಪಾವಿತ್ರ್ಯ ಎತ್ತಿಹಿಡಿಯಬೇಕು ಅಂತಲೂ ಅದರಲ್ಲೇ ಇತ್ತು. ಅಂದರೆ ನಮ್ಮ ಪ್ರಕಾರದ ಎರಡೂ ಕಾಲಿಗೆ ಒಟ್ಟಿಗೇ ಏಟು. ತೋಳಮನುಷ್ಯನಿಗೂ ರಕ್ತಪಿಶಾಚಿಗೂ ಬಾಗಿಲು ತೆರೆದದ್ದು 1971ರಲ್ಲಿ.

ಈಗ ಬಾಗಿಲು ಕಾಯುವವರು ಹಣ ಪಾವತಿ ಕಂಪನಿಗಳು. ಡಿಜಿಟಲ್ ಕೃತಿಗಳನ್ನು ಮಾರುವ ಜಾಲತಾಣಗಳನ್ನೇ ನೋಡಿ: 2024ರ ಮಾರ್ಚ್‌ನಲ್ಲಿ ಗಮ್‌ರೋಡ್ ವಯಸ್ಕರ ಕೃತಿಗಳ ನಿಯಮವನ್ನು ಬಿಗಿ ಮಾಡಿತು, 2025ರ ಜುಲೈನಲ್ಲಿ ಇಚ್.ಐಒ ವಯಸ್ಕರ ಕೃತಿಗಳನ್ನು ಹುಡುಕಾಟದಿಂದ ಮರೆ ಮಾಡಿತು. ಎರಡಕ್ಕೂ ಕಾರಣ ಪಾವತಿ ಕಂಪನಿಗಳ ಒತ್ತಡ. ಅದಕ್ಕೆ ಎಲ್ಲ ಪುಟಗಳನ್ನೂ ಒಂದೇ ಕಡೆ ಇಟ್ಟು ನಿಶ್ಚಿಂತೆಯಾಗಿರಬೇಡಿ. ಮೂಲ ಫೈಲ್ ನಿಮ್ಮ ಹತ್ತಿರ ಎರಡು ಕಡೆ ಇರಲಿ, ಓದುಗರನ್ನು ತಲುಪಲು ಒಂದು ಮೇಲಿಂಗ್ ಲಿಸ್ಟ್ ಇರಲಿ. ವೆಬ್‌ಟೂನ್‌ನಲ್ಲಿ ಬಿಚ್ಚುಬಿಚ್ಚಾದ ದೃಶ್ಯಕ್ಕೆ ಜಾಗವಿಲ್ಲ, ಅಲ್ಲಿ ಹಾಕಬೇಕಾದರೆ ತಿದ್ದಿದ ಪ್ರತಿ ಬೇರೆಯೇ ಮಾಡಿ, ಕಪ್ಪು ಪಟ್ಟಿ ಹಾಕುವುದಕ್ಕಿಂತ ಕೋನ ಬದಲಿಸಿ ಮತ್ತೆ ಬಿಡಿಸಿದರೆ ಮರ್ಯಾದೆ. ಓದುಗರು ಕಲಾವಿದರಿಗೆ ನೇರವಾಗಿ ಹಣ ಕೊಡುವ ಪೇಟ್ರಿಯಾನ್ ಜಾಲತಾಣ 18 ದಾಟಿದವರಿಗೆ ಅಂತ ಗುರುತು ಹಾಕಿದ ಕೃತಿಗಳನ್ನು ಕೆಲವು ಷರತ್ತಿನ ಮೇಲೆ ಬಿಡುತ್ತದೆ, ಷರತ್ತುಗಳನ್ನು ಪೂರ್ತಿ ಓದಿ, ಅವು ಬದಲಾಗುತ್ತಲೂ ಇರುತ್ತವೆ. ಇನ್ನು ನೀವಿರುವ ದೇಶದಲ್ಲಿ ಲೈಂಗಿಕ ಚಿತ್ರವನ್ನು ಇಂಟರ್ನೆಟ್‌ನಲ್ಲಿ ಹಾಕುವುದೇ ಅಪರಾಧವಾ ಅಂತ ಮೊದಲು ತಿಳಿದುಕೊಳ್ಳಿ. ಕೆಲವು ಕಡೆ ಹೌದು. ಆಗ ಬಾಗಿಲು ಮುಚ್ಚುವ ತನಕದ ಕಥೆ ಮಾಡಿ. ನಮ್ಮ ದರ್ಜಿಯ ಕಥೆ ಹಾಗೆ ಮಾಡಿದರೂ ಗಟ್ಟಿಯಾಗಿ ನಿಲ್ಲುತ್ತದೆ.

ಮೊದಲ ಪುಟದಲ್ಲೇ ಎಚ್ಚರಿಕೆ ಬರೆಯಿರಿ, ಬಿಡಿಸಿ ಬರೆಯಿರಿ. "ಕೆಲವರಿಗೆ ಇಷ್ಟವಾಗದಿರಬಹುದು" ಅಂದರೆ ಏನೂ ಹೇಳಿದಂತಾಗಲಿಲ್ಲ. "ಚರ್ಮ ಸೀಳುವುದು, ಸೂಜಿ, ಉಸಿರುಕಟ್ಟುವುದು, ವಯಸ್ಕರ ನಡುವಿನ ಲೈಂಗಿಕ ದೃಶ್ಯ" ಅಂತ ಹೇಳಿ. ಸೂಜಿ ಕಂಡರಾಗದವರು ಬಿಟ್ಟು ಹೋಗುತ್ತಾರೆ, ಉಳಿದವರು ಅದಕ್ಕಾಗಿಯೇ ಬರುತ್ತಾರೆ. ಮಾತಿಲ್ಲದೆ ಚಿತ್ರದಲ್ಲೇ ಬೆಚ್ಚಿಬೀಳಿಸುವ ಪುಟವನ್ನು ಮುಖಪುಟವಾಗಿಯೋ, ಜಾಲತಾಣದಲ್ಲಿ ಮೊದಲು ಕಾಣುವ ಪುಟ್ಟ ಚಿತ್ರವಾಗಿಯೋ ಹಾಕಬೇಡಿ.

ಹಾಕುವ ಮುಂಚೆ ಬಲೂನುಗಳ ಲೇಯರ್ ಆಫ್ ಮಾಡಿ ಪುಟಗಳನ್ನು ಇಬ್ಬರಿಗೆ ತೋರಿಸಿ. ಒಬ್ಬರು ಹಾರರ್ ಓದುವವರು, ಇನ್ನೊಬ್ಬರು ರೊಮ್ಯಾನ್ಸ್ ಓದುವವರು. ಇಬ್ಬರೂ ವಯಸ್ಕರು, ಏನು ತೋರಿಸುತ್ತಿದ್ದೀರಿ ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆದಿರಬೇಕು. ಕೇಳಬೇಕಾದ್ದು ಎರಡೇ: ಎಲ್ಲಿ ಮೈ ಜುಮ್ಮೆಂದಿತು, ಎಲ್ಲಿ ಇವರಿಬ್ಬರೂ ಒಬ್ಬರಿಗೊಬ್ಬರು ಬೇಕು ಅನ್ನಿಸಿತು. ಇಬ್ಬರೂ ತೋರಿಸುವ ಪುಟಗಳು ಒಂದಕ್ಕೊಂದು ತೀರಾ ದೂರ ಇದ್ದರೆ ನಡುವಿನ ಪುಟಗಳಲ್ಲಿ ಮೈ ಸುಮ್ಮನೆ ಕೂತಿದೆ ಅಂತ ಅರ್ಥ. ಅಲ್ಲಿಗೆ ಹೋಗಿ ಒಂದೋ ಕಿವಿರಿಗೆ ಕೆಲಸ ಕೊಡಿ, ಇಲ್ಲವೇ ಆ ಪುಟಗಳನ್ನು ಕಿತ್ತು ಹಾಕಿ.